ಜೂಲಿಗೆ ಲೋಕ ತೋರಿಸುವುದು

ಏಳಕ್ಕೆ ಹತ್ತು ನಿಮಿಷವಿದೆ. ಮಂಜು ಸಿಲ್ವರ್ ಮರಗಳ ನಡುಮಟ್ಟಕ್ಕೆ ಇಳಿದು ಅಲ್ಲೇ ನಿಂತಿದೆ. ಕಣದಲ್ಲಿ ನಿನ್ನೆ ಸಂಜೆ ಗುಡ್ಡೆ ಮಾಡಿದ ರೋಬಸ್ಟಾ ಹಣ್ಣಿನ ಮೇಲೆ ಟಾರ್ಪಾಲು, ಟಾರ್ಪಾಲಿನ ಸುಕ್ಕುಗಳಲ್ಲಿ ಇಬ್ಬನಿ ನೀರು. ಹಣ್ಣು ಕಾಫಿಯ ಸಿಹಿಹುಳಿ ವಾಸನೆ ಅಂಗಳದ ತುಂಬ ಹಬ್ಬಿದೆ. ಜನವರಿಯ ಕೊನೆ. ಬೇಲೂರು ತಾಲ್ಲೂಕಿನ ಈ ಮೂಲೆಯಲ್ಲಿ, ಅರೇಹಳ್ಳಿಯ ಸುತ್ತ ಯಾವ ತೋಟಕ್ಕೆ ಕಾಲಿಟ್ಟರೂ ಕೊಯ್ಲಿನ ಗಡಿಬಿಡಿ.

ಜೂಲಿ ಜಗಲಿಕಟ್ಟೆಯ ಪಕ್ಕ ನಿಂತಿದೆ. ಐದು ತಿಂಗಳ ಹೆಣ್ಣುಮರಿ, ನಾಟಿ ತಳಿ. ಕಂದು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ, ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಬಾಗಿದೆ. ಕೊರಳಲ್ಲಿ ಅಗಲದ ಬಟ್ಟೆಯ ಪಟ್ಟಿ, ಅದಕ್ಕೆ ಕಟ್ಟಿದ ಉದ್ದನೆಯ ಹಗ್ಗ ಮನೆಮಗಳ ಕೈಯಲ್ಲಿ ಸಡಿಲವಾಗಿ ಜೋತುಬಿದ್ದಿದೆ. ಹಾಸನದಲ್ಲಿ ಓದು ಮುಗಿಸಿ ಬಂದು ತೋಟದ ಲೆಕ್ಕ ನೋಡಿಕೊಳ್ಳುತ್ತಿರುವ ಹುಡುಗಿ ಅವಳು. ಸ್ವೆಟರಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಬೇಯಿಸಿ ಸಣ್ಣಗೆ ಹೆಚ್ಚಿದ ಕೋಳಿ ಲಿವರ್.

'ಈಗ ಬರುತ್ತೆ, ನೋಡಿ' ಎನ್ನುತ್ತಾಳೆ ನನಗೆ.

ಮೊದಲು ಕಿವಿಗೆ ಬೀಳುವುದು ಪಿಕಪ್ಪಿನ ಎಂಜಿನ್. ತಿರುವಿನಲ್ಲಿ ಗೇರು ಬದಲಾಗುವ ಕರಕರ ಸದ್ದು, ಅದರ ಹಿಂದೆಯೇ ಹೆಂಗಸರ ಮಾತು, ನಗು. ಜೂಲಿಯ ಬಾಲ ಇಳಿಯಿತು. ನಾಲಿಗೆ ಹೊರಬಂದು ಮೂಗಿನ ತುದಿಯನ್ನು ಒಮ್ಮೆ ನೆಕ್ಕಿತು. ತಲೆ ಅತ್ತ ತಿರುಗದಿದ್ದರೂ ಕಣ್ಣು ತಿರುಗಿತು, ಕಣ್ಣಂಚಿನ ಬಿಳಿ ಕಂಡಿತು. ಆ ಕ್ಷಣಕ್ಕೇ, ಸದ್ದು ಶುರುವಾದ ಮೇಲೆ, ಮೊದಲಲ್ಲ, ಒಂದು ಚೂರು ಲಿವರ್ ಜೂಲಿಯ ಮೂಗಿನ ಕೆಳಗೆ ಬಿತ್ತು. ತಿಂದಿತು. ಪಿಕಪ್ಪು ಕಣದ ಆಚೆ, ಗೋಡೌನಿನ ಬಳಿ ನಿಂತಿತು. ನಮ್ಮಿಂದ ಮೂವತ್ತು ಹೆಜ್ಜೆ ದೂರ. ಹಿಂದಿನ ಬಾಗಿಲು ಧಡಾರನೆ ಬಿತ್ತು. ಇನ್ನೊಂದು ಚೂರು. ತಲೆಗೆ ಟವೆಲ್ ಸುತ್ತಿ, ಸೊಂಟಕ್ಕೆ ಗೋಣಿಚೀಲ ಕಟ್ಟಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಧುಮುಕಿದರು. ಒಬ್ಬೊಬ್ಬರಿಗೆ ಒಂದೊಂದು ಚೂರು.

ಎಂಟನೆಯವರೋ ಒಂಬತ್ತನೆಯವರೋ ಇಳಿಯುವಾಗ ಜೂಲಿ ಹೊಸದೊಂದು ಮಾಡಿತು. ಪಿಕಪ್ಪನ್ನು ನೋಡಿ, ತಾನಾಗಿ ಕತ್ತು ತಿರುಗಿಸಿ ಹುಡುಗಿಯ ಮುಖ ನೋಡಿತು. 'ಹಾಂ! ಜಾಣೆ' ಎಂದು ಅವಳು ಎರಡು ಚೂರು ಒಟ್ಟಿಗೇ ಕೊಟ್ಟಳು. ಈ ತಿರುಗುವಿಕೆಗಾಗಿ ಅವಳು ಡಿಸೆಂಬರಿನಿಂದ ಕಾದಿದ್ದಾಳೆ.

ಅದರ ಹಿಂದಿನ ಕಥೆ ಹೀಗಿದೆ. ಜೂಲಿ ಹುಟ್ಟಿದ್ದು ಮಳೆಗಾಲದ ಕೊನೆಯಲ್ಲಿ, ಬೇರೊಂದು ತೋಟದ ಸೌದೆ ಕೊಟ್ಟಿಗೆಯಲ್ಲಿ. ತಾಯಿ ಸರಪಳಿಯಲ್ಲಿತ್ತು. ಮಳೆ ಹೊಡೆಯುತ್ತಿದ್ದ ಆ ದಿನಗಳಲ್ಲಿ ಕೊಟ್ಟಿಗೆ ಕಡೆ ಬರುತ್ತಿದ್ದವನು ಅನ್ನ ಹಾಕುವ ಆಳು ಒಬ್ಬನೇ. ಮರಿ ಕಂಡದ್ದು ಸೌದೆ, ಕತ್ತಲೆ, ಒಬ್ಬ ಮನುಷ್ಯನ ಕಾಲು. ಮೂರು ತಿಂಗಳು ದಾಟಿದ ಮೇಲೆ ಈ ಮನೆಗೆ ಬಂತು. ಬಂದ ದಿನ ಜೀಪಿನ ಕೆಳಗೆ ತೂರಿಕೊಂಡದ್ದು ಮರುದಿನ ಸಂಜೆಯವರೆಗೂ ಈಚೆಗೆ ಬರಲಿಲ್ಲವಂತೆ.

ನಾಯಿಮರಿಯ ಬದುಕಿನಲ್ಲಿ ಸುಮಾರು ಮೂರನೆಯ ವಾರದಿಂದ ಹನ್ನೆರಡು-ಹದಿನಾಲ್ಕನೆಯ ವಾರದವರೆಗಿನ ದಿನಗಳಿವೆಯಲ್ಲ, ಅದರ ಮುಂದಿನ ಧೈರ್ಯದ ಬಹುಪಾಲು ಅಲ್ಲೇ ನಿಂತಿದೆ. ಆಗ ಕಂಡದ್ದು, ಕೇಳಿದ್ದು, ಮೆಟ್ಟಿದ್ದು ತನ್ನ ಲೋಕದ ಭಾಗವಾಗುತ್ತದೆ. ಕಾಣದೆ ಉಳಿದದ್ದನ್ನು ಆಮೇಲೆ ಕಂಡರೆ ಮೊದಲು ಏಳುವುದು ಅಂಜಿಕೆ. ಇದು ಅಂದಾಜಿನ ಮಾತಲ್ಲ. ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಪ್ರಯೋಗಾಲಯದಲ್ಲಿ ಎತ್ತರದ ಬೇಲಿ ಹಾಕಿದ ಬಯಲಲ್ಲಿ, ಮನುಷ್ಯರ ಸಂಪರ್ಕವಿಲ್ಲದೆ ಮರಿಗಳನ್ನು ಬೆಳೆಸಿ ನೋಡಿದ್ದರು. ಆ ವರದಿ 1961ರಲ್ಲಿ ಬಂತು. ಎರಡು, ಮೂರು, ಐದು, ಏಳು, ಒಂಬತ್ತನೆಯ ವಾರದಲ್ಲಿ ಒಂದೊಂದು ಗುಂಪನ್ನು ಮನುಷ್ಯರ ಬಳಿಗೆ ತಂದರು. ಹದಿನಾಲ್ಕು ವಾರದವರೆಗೂ ಬಯಲಲ್ಲೇ ಬಿಟ್ಟ ಮರಿಗಳು ಕಾಡುಪ್ರಾಣಿಗಳ ಹಾಗೆ ಮನುಷ್ಯರಿಂದ ದೂರ ಓಡಿದವು. ಅದೇ ಸಂಸ್ಥೆಯ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ತಮ್ಮ ದೊಡ್ಡ ಪುಸ್ತಕ ತಂದಾಗ ಈ ವಾರಗಳ ಮಹತ್ವ ಜಗತ್ತಿಗೇ ತಿಳಿಯಿತು.

ನಮ್ಮ ಮಲೆನಾಡಿನ ತೋಟಗಳಲ್ಲಿ ಈ ವಾರಗಳು ಹೇಗೆ ಹಾಳಾಗುತ್ತವೆ ಎನ್ನುವುದನ್ನು ನೋಡಿದರೆ ಸಂಕಟವಾಗುತ್ತದೆ. ಮಳೆ, ಇಂಬಳ, ಕೊಟ್ಟಿಗೆ, ಸರಪಳಿ. ಮರಿ ದೊಡ್ಡದಾಗುವ ಹೊತ್ತಿಗೆ ಕೊಯ್ಲು ಶುರು. ಊರಿನವರು ಸಾಲದೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದಲೂ ಆಳುಗಳು ಬರುತ್ತಾರೆ. ಲೈನ್ ಮನೆಗಳು ತುಂಬುತ್ತವೆ. ಹೊಸ ಮುಖ, ಹೊಸ ಭಾಷೆ, ತಲೆಯ ಮೇಲೆ ಮೂಟೆ. ಮೂಟೆ ಹೊತ್ತ ಮನುಷ್ಯನನ್ನು ಎಂದೂ ಕಾಣದ ನಾಯಿಗೆ ಅವನೊಂದು ಬೇರೆಯೇ ಪ್ರಾಣಿ. ನಾಯಿ ಬೊಗಳುತ್ತದೆ, ಮೇಲೆ ಬೀಳಲು ಹೋಗುತ್ತದೆ. 'ಆಳುಗಳಿಗೆ ಕಚ್ಚಿಬಿಟ್ರೆ ಕಷ್ಟ' ಅಂತ ಇನ್ನಷ್ಟು ಗಿಡ್ಡ ಸರಪಳಿ ಬೀಳುತ್ತದೆ. ಓಡಿಹೋಗುವ ದಾರಿಯೇ ಇಲ್ಲದ ನಾಯಿಗೆ ಉಳಿಯುವುದು ಹಲ್ಲು ಮಾತ್ರ.

ಗೋಡೌನಿನ ಮೂಲೆಯಲ್ಲಿ ಅಂಥದ್ದೊಂದಿದೆ. ಹುಡುಗಿಯ ದೊಡ್ಡಪ್ಪನ ಟೈಗರ್. ಆರು ವರ್ಷದ ದೊಡ್ಡ ಗಂಡುನಾಯಿ. ಪಿಕಪ್ಪು ಬಂದಾಗಿನಿಂದ ಸರಪಳಿ ಬಿಗಿಯಾಗುವಷ್ಟು ಮುಂದಕ್ಕೆ ಎಗರುತ್ತಿದೆ, ಕತ್ತು ಹಿಸುಕಿ ಬೊಗಳು ಕೆಮ್ಮಾಗುತ್ತಿದೆ. ಅದರ ಸುತ್ತ ಸರಪಳಿಯುದ್ದದ ವೃತ್ತದಲ್ಲಿ ಹುಲ್ಲಿಲ್ಲ, ಬರಿ ಮಣ್ಣು.

ದೊಡ್ಡಪ್ಪ ಲೋಟ ಹಿಡಿದು ಜಗಲಿಗೆ ಬಂದರು. ಅರವತ್ತು ದಾಟಿದವರು, ಬೆಳಿಗ್ಗೆಯೇ ಮಂಕಿ ಕ್ಯಾಪ್ ಹಾಕಿಕೊಂಡು ತೋಟ ಸುತ್ತಿ ಬಂದಿದ್ದಾರೆ.

'ಅಲ್ಲ ಕಣಮ್ಮ, ತೋಟದ್ ನಾಯಿಗೆ ಈ ಥರ ಕೋಳಿ ತಿನ್ನಿಸ್ತಾ ಕೂತ್ರೆ ಅದು ನಾಳೆ ಕಳ್ಳ ಬಂದ್ರೂ ಬಾಲ ಅಲ್ಲಾಡ್ಸುತ್ತೆ. ಹಗಲು ಕಟ್ಟು, ರಾತ್ರಿ ಬಿಡು, ಅರೆಹೊಟ್ಟೆ ಹಾಕು. ಆಗ ನೋಡು ಚುರುಕು.'

'ಟೈಗರ್ ಚುರುಕಾಗಿದೆ ಅಂತೀರಾ ದೊಡ್ಡಪ್ಪ?'

'ಯಾವನೂ ಗೋಡೌನ್ ಹತ್ರ ಸುಳಿಯಲ್ಲ ಕಣೆ!'

'ನೀವೂ ಸುಳಿಯಲ್ಲ. ತಟ್ಟೆ ಕೋಲಲ್ಲಿ ತಳ್ತೀರಿ.'

ದೊಡ್ಡಪ್ಪ ಮಾತಾಡಲಿಲ್ಲ. ಕಾಫಿ ಕುಡಿದರು.

ಈ ಭಾಗದ ಬಹಳ ಮನೆಗಳಲ್ಲಿ ಅವರ ಮಾತೇ ನಡೆಯುತ್ತದೆ, ಅವರು ಕೆಟ್ಟವರೂ ಅಲ್ಲ. ಆದರೆ ನಾನು ಹುಡುಗಿಯ ಪಕ್ಷ. ಅಂಜಿದ ನಾಯಿ ಯಾರು ಬಂದರೂ ಬೊಗಳುತ್ತದೆ, ಹಾಗಾಗಿ ಅದರ ಬೊಗಳಿಗೆ ಬೆಲೆಯಿಲ್ಲ. ಕಳ್ಳನಿಗೂ ಹಾಲಿನವನಿಗೂ ಒಂದೇ ಸದ್ದು. ಧೈರ್ಯವಿರುವ ನಾಯಿ ದಿನದ ಸಂಗತಿಗಳನ್ನು ದಿನದ ಸಂಗತಿಗಳೆಂದು ಬಿಟ್ಟುಬಿಡುತ್ತದೆ. ಅದು ಎದ್ದು ನಿಂತು ಬೊಗಳಿತೆಂದರೆ ಮನೆಯವರು ಕಿಟಕಿ ತೆಗೆದು ನೋಡುತ್ತಾರೆ. ಇನ್ನು ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು. ಕುರ್ಕ, ಅಂದರೆ ಚಿರತೆ, ಬಂದು ಹೊತ್ತೊಯ್ದ ನಾಯಿಗಳ ಸುದ್ದಿ ಇಲ್ಲಿ ಯಾವ ಹೋಟೆಲಿನಲ್ಲಿ ಕೂತರೂ ಕೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಆನೆ. ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟಗಳಲ್ಲಿ ಆನೆ ಅತಿಥಿಯಾಗಿ ಉಳಿದಿಲ್ಲ, ವಾಸಕ್ಕೇ ಇದೆ. ಹಿಡಿತವಿಲ್ಲದ ನಾಯಿ ಆನೆಯ ಕಾಲ ಬುಡಕ್ಕೆ ಹೋಗಿ ಬೊಗಳುತ್ತದೆ. ಆನೆ ಕೆರಳಿ ಅಟ್ಟಿಸಿಕೊಂಡು ಬಂದಾಗ ನಾಯಿ ಓಡುವುದೆಲ್ಲಿಗೆ? ತನ್ನ ಯಜಮಾನನ ಹತ್ತಿರಕ್ಕೆ. ಹೀಗಾಗಿ, ಕರೆದರೆ ಹಿಂದಿರುಗಿ ಬರುವ, ಸುಮ್ಮನಿರು ಎಂದರೆ ಸುಮ್ಮನಾಗುವ ನಾಯಿ ಈ ಊರಿನಲ್ಲಿ ಶೋಕಿಯ ಮಾತಾಗಲಾರದು. ಅದು ಪ್ರಾಣದ ಪ್ರಶ್ನೆ.

ಪಿಕಪ್ಪಿನಿಂದ ಇಳಿದ ಒಬ್ಬ ಹೆಂಗಸು ನಮ್ಮತ್ತ ಬರುತ್ತಿದ್ದಾಳೆ. ಅಸ್ಸಾಮಿನವಳು, ಈ ವರ್ಷವೇ ಮೊದಲು ಬಂದದ್ದು. ಹುಡುಗಿ ಅವಳಿಗೆ ಮೊದಲೇ ಹೇಳಿಕೊಟ್ಟಿದ್ದಾಳೆ. ಹತ್ತು ಹೆಜ್ಜೆ ದೂರದಲ್ಲಿ ಅವಳು ನಿಂತಳು, ಜೂಲಿಯ ಕಡೆ ಪಕ್ಕೆ ತಿರುಗಿಸಿ ಕುಕ್ಕರಗಾಲಲ್ಲಿ ಕೂತಳು. ಕಣ್ಣಿಟ್ಟು ನೋಡಲಿಲ್ಲ, ಚ್ಚುಚ್ಚು ಎಂದು ಕರೆಯಲಿಲ್ಲ, ಕೈ ಚಾಚಲಿಲ್ಲ. ನೆಲದ ಮೇಲೆ ಒಂದು ಚೂರು ಲಿವರ್ ಇಟ್ಟು ಅತ್ತ ನೋಡುತ್ತ ಕೂತಳು.

ಜೂಲಿ ಮುಂದಿನ ಕಾಲು ಎತ್ತಿ ಹಾಗೇ ಹಿಡಿದಿದೆ. ಹಗ್ಗ ಸಡಿಲ. ಯಾರೂ ಎಳೆಯುತ್ತಿಲ್ಲ, ತಳ್ಳುತ್ತಿಲ್ಲ. ಎರಡು ಹೆಜ್ಜೆ ಹೋಯಿತು, ನಿಂತಿತು, ಹಿಂದಕ್ಕೆ ಬಂತು. ಹಿಂದಕ್ಕೆ ಬಂದದ್ದಕ್ಕೂ ಹುಡುಗಿ ಒಂದು ಚೂರು ಕೊಟ್ಟಳು. ಬೇಕಾದಾಗ ಹಿಂದಿರುಗಬಹುದು ಎಂಬ ಭರವಸೆ ಸಿಕ್ಕ ಮೇಲೆ ಮತ್ತೆ ಹೋಯಿತು. ಈ ಸಲ ಕತ್ತನ್ನು ಉದ್ದ ಮಾಡಿ, ಹಿಂಗಾಲುಗಳನ್ನು ಅಲ್ಲೇ ಬಿಟ್ಟು, ಮೂಗಷ್ಟೇ ಮುಂದಕ್ಕೆ ಕಳಿಸಿ ಲಿವರ್ ಎತ್ತಿಕೊಂಡಿತು. ತಿಂದು, ಆ ಹೆಂಗಸಿನ ಸೀರೆಯ ಅಂಚನ್ನು ಮೂಸಿತು. ಗೋಣಿಚೀಲ ಮೂಸಿತು. ಮೈ ಕೊಡವಿಕೊಂಡಿತು, ಮೂಗಿನಿಂದ ಬಾಲದವರೆಗೆ, ಸ್ನಾನ ಮಾಡಿಸಿದಾಗ ಕೊಡವಿಕೊಳ್ಳುವಷ್ಟು ಜೋರಾಗಿ. ಬಿಗಿ ಸಡಿಲವಾದದ್ದರ ಗುರುತು ಅದು.

'ಸಾಕು' ಎಂದಳು ಹುಡುಗಿ. 'ಚೆನ್ನಾಗಿದ್ದಾಗ್ಲೇ ನಿಲ್ಲಿಸ್ಬೇಕು.'

ತೋಟದೊಳಗೆ ಹೊರಟೆವು. ಎಲೆ ಹಾಸಿದ ದಾರಿ, ಕಾಲಿಟ್ಟಲ್ಲೆಲ್ಲ ಮೆತ್ತಗೆ. ಮೆಣಸಿನ ಬಳ್ಳಿ ಹಬ್ಬಿದ ಮರಗಳು, ಕೆಳಗೆ ಎರಡಾಳೆತ್ತರದ ರೋಬಸ್ಟಾ ಗಿಡ. ಹುಡುಗಿ ಜೂಲಿಯನ್ನು ಎಲ್ಲೂ ಅವಸರಿಸುವುದಿಲ್ಲ. ಮೂಸುವಷ್ಟೂ ಮೂಸಲಿ ಎಂದು ನಿಲ್ಲುತ್ತಾಳೆ. ಕಾಡುಹಂದಿ ನೆಲ ಕೆದಕಿದ ಜಾಗವೊಂದನ್ನು ಜೂಲಿ ಇಂಚಿಂಚು ಓದಿತು. ಮೂಗಿಗೆ ಕೆಲಸವಿದ್ದಾಗ ನಾಯಿಯ ಉಸಿರು ನಿಧಾನವಾಗುತ್ತದೆ, ಬಾಲ ಸಹಜ ಮಟ್ಟಕ್ಕೆ ಬರುತ್ತದೆ. ಹೆದರಿದ ನಾಯಿಗೆ ಇಂಥ ನಡಿಗೆಗಿಂತ ಒಳ್ಳೆಯ ಮದ್ದು ನಾನು ಕಂಡಿಲ್ಲ. ಮನೆಗೆ ಹೋದ ಮೇಲೆ ಕಿವಿ, ಕಾಲ್ಬೆರಳ ಸಂದುಗಳಲ್ಲಿ ಉಣುಗು ಹುಡುಕುವ ಕೆಲಸ ಒಂದಿರುತ್ತದೆ, ಅಷ್ಟೇ. ಅದನ್ನೂ ಪಾಠವಾಗಿ ಮಾಡಿಕೊಂಡಿದ್ದಾಳೆ: ಕಿವಿ ಮುಟ್ಟಿದರೆ ಒಂದು ಚೂರು, ಪಾದ ಹಿಡಿದರೆ ಒಂದು ಚೂರು. ಬಿದ್ದ ಕಾಫಿ ಹಣ್ಣಿಗೆ ಜೂಲಿ ಬಾಯಿ ಹಾಕಿದಾಗ ಮಾತ್ರ ತಕ್ಷಣ ಬೇರೆ ತಿಂಡಿ ತೋರಿಸಿ ಬಿಡಿಸಿದಳು. ಕೆಫೀನ್ ನಾಯಿಗೆ ವಿಷ. ಕಣದಲ್ಲಿ ಒಣಗಲು ಹರಡಿದ ಕಾಫಿಯ ಪಕ್ಕ ಮರಿ ಆಡುತ್ತಿದ್ದರೆ ಯಾರಾದರೂ ಒಬ್ಬರು ಕಣ್ಣಿಟ್ಟಿರಲೇಬೇಕು.

ಕೆರೆಯ ಕೋಡಿಗೆ ಹಾಕಿದ ಕಬ್ಬಿಣದ ಜಾಲರಿ ಸೇತುವೆ ಬಂತು. ಕೆಳಗೆ ನೀರು ಹೊಳೆಯುತ್ತದೆ. ಜೂಲಿ ಒಂದು ಪಾದ ಇಟ್ಟು ತೆಗೆಯಿತು. ಎತ್ತಿಕೊಂಡು ದಾಟಿಸಿದರೆ ಅರ್ಧ ನಿಮಿಷದ ಕೆಲಸ. ಹುಡುಗಿ ಸೇತುವೆಯ ಮೇಲೆ ಹಳೇ ಗೋಣಿಚೀಲವೊಂದನ್ನು ಹಾಸಿ, ತಾನು ನಡುವೆ ಕೂತು ನನ್ನ ಜೊತೆ ಕಾಫಿ ರೇಟಿನ ಮಾತಿಗಿಳಿದಳು. ಎರಡು ಪಾದ ಗೋಣಿಯ ಮೇಲೆ ಬಂದವು. ಆಮೇಲೆ ನಾಲ್ಕು. ದಾಟಿ ಆಚೆ ದಡದಲ್ಲಿ ನಿಂತ ಜೂಲಿ ಒಂದು ಸುತ್ತು ಓಡಿ, ಯಾರೂ ಕೇಳದಿದ್ದರೂ ಮತ್ತೆ ಸೇತುವೆ ಹತ್ತಿ ಈಚೆ ಬಂತು, ಮತ್ತೆ ಆಚೆ ಹೋಯಿತು. ತಾನೇ ಗೆದ್ದದ್ದರಲ್ಲಿ ನಾಯಿಗೆ ಸಿಗುವ ಸಂತೋಷವನ್ನು ಅದರ ಬಾಲದಲ್ಲಿ ನೋಡಬೇಕು.

ಹತ್ತು ಗಂಟೆಗೆ ಜೀಪು ಅರೇಹಳ್ಳಿಗೆ ಹೊರಟಿತು. ಜೂಲಿ ಹಿಂದಿನ ಸೀಟಿನಲ್ಲಿ, ತನ್ನ ಹಳೇ ಕಂಬಳಿಯ ಮೇಲೆ. ಊರೊಳಗೆ ಹೋಗುವುದಿಲ್ಲ, ಬಸ್ ನಿಲ್ದಾಣದಿಂದ ದೂರ, ಪಕ್ಕದ ರಸ್ತೆಯಲ್ಲಿ ಮರದ ನೆರಳಿಗೆ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು, ಚೌಕಟ್ಟಿನ ಮೇಲೆ ಕೂರುತ್ತಾಳೆ. ಲೋಕ ತಾನಾಗಿ ಮುಂದೆ ಹಾದುಹೋಗುತ್ತದೆ. ಬೇಲೂರಿನ ಕೆಂಪು ಬಸ್ಸು ಹಾರ್ನ್ ಹೊಡೆದು ತಿರುಗಿತು. ಬೈಕಿನ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡವನು ಹೋದ. ಕೋಳಿ ಅಂಗಡಿಯ ತಕ್ಕಡಿ ಠಣಕ್ ಎಂದಿತು. ಯೂನಿಫಾರ್ಮಿನ ಮಕ್ಕಳು, ಬುರ್ಖಾ ತೊಟ್ಟ ಹೆಂಗಸರು, ಹೆಲ್ಮೆಟ್ ಹಾಕಿದ ತಲೆಗಳು, ಊರುಗೋಲಿನ ಅಜ್ಜ. ಹೆಲ್ಮೆಟ್ ಜೂಲಿಗೆ ಇನ್ನೂ ಕಷ್ಟ. ಮುಖ ಕಾಣದ ಮನುಷ್ಯನನ್ನು ನಾಯಿ ನಂಬುವುದು ನಿಧಾನ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದವರನ್ನು ಕಂಡು ತೋಟದ ನಾಯಿಗಳು ಹುಚ್ಚೆದ್ದು ಬೊಗಳುವುದೂ ಇದಕ್ಕೇ. ಅದಕ್ಕಾಗಿ ಮನೆಯಲ್ಲಿ ಹೆಲ್ಮೆಟ್, ಕೊಪ್ಪೆ ಎರಡನ್ನೂ ಜೂಲಿಯ ತಟ್ಟೆಯ ಪಕ್ಕ ನೆಲದ ಮೇಲೆ ಇಟ್ಟಿದ್ದಾರೆ. ಮುಂದೆ ಒಂದು ದಿನ ಮನೆಯವರೇ ಹಾಕಿಕೊಂಡು ಓಡಾಡುತ್ತಾರೆ.

ಅಷ್ಟರಲ್ಲಿ ಮೂರು ಬೀದಿನಾಯಿಗಳು ವಾಸನೆ ಹಿಡಿದು ಬಂದವು. ಅದೇ ಹೊತ್ತಿಗೆ ಎದುರು ಅಂಗಡಿಯವನು ಶಟರ್ ಎಳೆದ. ಜೂಲಿ ಸೀಟಿನ ಕೆಳಗೆ ಹೋಯಿತು. ಹುಡುಗಿ ಲಿವರ್ ಮೂಗಿಗೆ ಹಿಡಿದಳು. ಬೇಡ ಎಂದಿತು. ಬಾಯಿಗೆ ತಾಗಿಸಿದರೂ ತುಟಿ ಬಿಗಿಹಿಡಿದಿದೆ, ಮೈ ನಡುಗುತ್ತಿದೆ.

ಅವಳು ಬಾಗಿಲು ಹಾಕಿ ಜೀಪು ತಿರುಗಿಸಿದಳು.

ಇಲ್ಲಿಯೇ ಬಹಳ ಜನ ತಪ್ಪುವುದು. ಹೆದರಿಕೆ ಬಿಡಬೇಕಾದರೆ ಅದರ ನಡುವೆ ನಿಲ್ಲಿಸಬೇಕು, ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಜಾತ್ರೆಗೆ ಕರೆದೊಯ್ಯುತ್ತಾರೆ, ಮದುವೆಯ ಓಲಗದ ಮುಂದೆ ಕಟ್ಟುತ್ತಾರೆ. ನಾಯಿ ಕೊನೆಗೆ ಅಲುಗಾಡದೆ ಕೂತರೆ 'ನೋಡಿ, ಸರಿಹೋಯ್ತು' ಅನ್ನುತ್ತಾರೆ. ಅದು ಸರಿಹೋದದ್ದಲ್ಲ, ಕೈಚೆಲ್ಲಿದ್ದು. ಹಸಿದ ನಾಯಿ ಪ್ರೀತಿಯ ತಿಂಡಿಯನ್ನೇ ಒಲ್ಲೆನೆಂದರೆ ಅಂಜಿಕೆ ಅದರ ಮಿತಿ ದಾಟಿದೆ ಎಂದೇ ಅರ್ಥ. ಆಗ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ದೂರ ಹೆಚ್ಚಿಸಬೇಕು, ಸದ್ದು ತಗ್ಗಿಸಬೇಕು, ಇಲ್ಲವೇ ಮನೆಗೆ ಹೋಗಬೇಕು. ನಾಳೆ ಇದೇ ಜಾಗಕ್ಕಿಂತ ಇನ್ನೂ ಹಿಂದೆ ನಿಲ್ಲಿಸುತ್ತೇನೆ ಎಂದಳು ಹುಡುಗಿ, ಬೇಸರವೇನೂ ಇಲ್ಲದ ದನಿಯಲ್ಲಿ.

ದಾರಿಯಲ್ಲಿ ಪಶು ಆಸ್ಪತ್ರೆಯ ಮುಂದೆ ನಿಂತೆವು. ಚುಚ್ಚುಮದ್ದಿಗಲ್ಲ. ಜೂಲಿ ಚೇತರಿಸಿಕೊಂಡಿತ್ತು, ಖಾಲಿ ಕಾಂಪೌಂಡಿನಲ್ಲಿ ಮೂಸಿತು, ತೂಕದ ಹಲಗೆಯ ಮೇಲೆ ಹತ್ತಿ ಒಂದು ಚೂರು ತಿಂದಿತು, ಡಾಕ್ಟರ ಕೈಯಿಂದ ಇನ್ನೊಂದು. ಅಷ್ಟಕ್ಕೇ ಹೊರಟೆವು. ಆಸ್ಪತ್ರೆಗೆ ಹೋದಾಗಲೆಲ್ಲ ಸೂಜಿ ಇರುವುದಿಲ್ಲ ಎನ್ನುವುದು ಗೊತ್ತಾದ ನಾಯಿಯನ್ನು ಮುಂದೆ ನಾಲ್ಕು ಜನ ಹಿಡಿಯಬೇಕಾಗಿ ಬರುವುದಿಲ್ಲ. ಮರಿಗೆ ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಲಸಿಕೆ ಶುರು, ಆಮೇಲೆ ಮೂರು-ನಾಲ್ಕು ವಾರಕ್ಕೊಂದರಂತೆ ಮತ್ತೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷವೂ. ಲಸಿಕೆಗಳೆಲ್ಲ ಮುಗಿಯುವ ತನಕ ಮರಿಯನ್ನು ಹೊರಗೇ ತರಬಾರದೆಂದು ಕೂತರೆ ಆ ಅಮೂಲ್ಯ ವಾರಗಳು ಕಳೆದೇ ಹೋಗುತ್ತವೆ. ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ, ಬೀದಿನಾಯಿಗಳು ಓಡಾಡುವ ನೆಲಕ್ಕೆ ಇಳಿಸದೆ, ತೋಳಲ್ಲಿ ಎತ್ತಿಕೊಂಡೇ ಎಷ್ಟೋ ತೋರಿಸಬಹುದು. ರೇಬೀಸ್ ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮನುಷ್ಯರಲ್ಲಿ ಈ ರೋಗ ಕಂಡರೆ ವರದಿ ಮಾಡಲೇಬೇಕೆಂದು ಕರ್ನಾಟಕ 2022ರಲ್ಲಿ ಆದೇಶಿಸಿತು. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಉಳಿಯುವುದಿಲ್ಲವೆಂದೇ ಹೇಳಬೇಕಾದ ರೋಗ ಅದು. ನಾಯಿ ಕಚ್ಚಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ಗಾಯ ತೊಳೆದು ನೆಟ್ಟಗೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ.

ಮಧ್ಯಾಹ್ನ ಅಕ್ಕಿ ಕಡುಬು, ಕಾಳಿನ ಸಾರು. ಊಟದ ಮೇಲೆ ಜಗಲಿಯಲ್ಲಿ ದೊಡ್ಡಪ್ಪ ಮತ್ತೆ ಶುರುಮಾಡಿದರು. ಹಳೇ ಕಾಲದ ಬೇಟೆನಾಯಿಗಳ ಧೈರ್ಯದ ಮಾತು. ನಾನು ಆತಕೂರಿನ ಕಲ್ಲಿನ ವಿಷಯ ತೆಗೆದೆ. ಕ್ರಿ.ಶ. 949ರ ತಕ್ಕೋಲಂ ಯುದ್ಧದ ಆಸುಪಾಸಿನ ಶಾಸನ ಅದು, ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಗಂಗರ ಬೂತುಗ 'ಮೆಚ್ಚಿದೆ, ಬೇಡಿಕೋ' ಎಂದಾಗ ಅವನು ಕೇಳಿದ್ದು ಊರಲ್ಲ, ಹೊನ್ನಲ್ಲ. ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಉಣ್ಣಬಾರದೆಂದು ಬರೆಸಿದ.

'ಅದು ನಾಯಿ!' ಎಂದರು ದೊಡ್ಡಪ್ಪ.

'ಅದು ಜೊತೆಗೆ ಹೋಗ್ತಿದ್ದ ನಾಯಿ ದೊಡ್ಡಪ್ಪ' ಎಂದಳು ಹುಡುಗಿ. 'ಗೋಡೌನ್ ಮೂಲೆಲಿ ಇದ್ದದ್ದಲ್ಲ.'

ಪಕ್ಕದ ಮೂಡಿಗೆರೆಯಲ್ಲಿ ತೇಜಸ್ವಿಯವರ ಜೊತೆ ತೋಟ, ಕಾಡು ಸುತ್ತಿದ 'ಕಿವಿ'ಯನ್ನು ಕನ್ನಡದ ಓದುಗರು ಇವತ್ತಿಗೂ ಮನೆಯ ನಾಯಿಯಂತೆ ನೆನೆಯುತ್ತಾರೆ. ಅದೂ ಜೊತೆಗೆ ಹೋದ ನಾಯಿಯೇ.

ಸಂಜೆ ಆರೂವರೆಗೆ ಮೊಬೈಲು ಕಿಣಿಗುಟ್ಟಿತು. ಊರಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: ಆನೆಗಳು ಕೆಳಗಿನ ತೋಟದಿಂದ ಮೇಲಕ್ಕೆ ಹತ್ತುತ್ತಿವೆ, ಯಾರೂ ಹೊರಗೆ ಬರಬೇಡಿ. 2022ರಲ್ಲಿ ಸರ್ಕಾರ ಹಾಸನ, ಕೊಡಗು, ಚಿಕ್ಕಮಗಳೂರು, ಮೈಸೂರು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿದೆ. ಹಿಂಡಿನ ಜಾಡು ಹಿಡಿದು ಎಚ್ಚರಿಸುವುದು, ಓಡಿಸುವುದು ಅವರ ಕೆಲಸ. ಲೈನ್ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ತೋಟದ ಕೆಲಸ ನೋಡಿಕೊಳ್ಳುವ ರೈಟ್ರು ಎಲ್ಲರನ್ನೂ ಒಳಗೆ ಕರೆದು ಎಣಿಸಿ ಹೋದರು.

ಹುಡುಗಿ ಹಾಲಿನ ಪಕ್ಕದ ಸಣ್ಣ ಕೋಣೆಯ ಕಿಟಕಿಗೆ ಕಂಬಳಿ ಇಳಿಬಿಟ್ಟಳು, ಫ್ಯಾನು ಹಾಕಿದಳು. ಮೂಲೆಯಲ್ಲಿ ಜೂಲಿಯ ಹಾಸಿಗೆ. ಆನೆ ಓಡಿಸಲು ಹೊಡೆಯುವ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಊಟದ ಹೊತ್ತಿನಲ್ಲಿ ಕೇಳಿಸುತ್ತ, ಸ್ವಲ್ಪಸ್ವಲ್ಪವೇ ಏರಿಸುತ್ತ ಬಂದಿದ್ದಾಳೆ.

ಮೊದಲ ಪಟಾಕಿ ಏಳೂಕಾಲಿಗೆ ಸಿಡಿಯಿತು, ಗುಡ್ಡದ ಆಚೆ. ಜೂಲಿ ಎದ್ದು ನಿಂತಿತು. ಎರಡನೆಯದಕ್ಕೆ ನಡುಕ ಹತ್ತಿತು. ಕೋಣೆಯಲ್ಲಿ ಒಂದು ಸುತ್ತು ತಿರುಗಿ ಹುಡುಗಿಯ ಮಡಿಲಿಗೆ ತಲೆ ತೂರಿಸಿತು. ಅವಳು ಎದೆಯ ಮೇಲೆ ಕೈಯಿಟ್ಟು ನಿಧಾನಕ್ಕೆ ಸವರಿದಳು. ಹೆದರಿದಾಗ ಮುದ್ದು ಮಾಡಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತು ಎಲ್ಲೆಲ್ಲೂ ಇದೆ; ನಂಬಬೇಡಿ. ಅಂಜಿಕೆ ಬೇಕೆಂದು ಮಾಡುವ ಚೇಷ್ಟೆಯಲ್ಲ, ಮುದ್ದಿನಿಂದ ಅದು ಕಲಿತು ಬೆಳೆಯುವುದಿಲ್ಲ. ಹತ್ತಿರ ಬಂದ ನಾಯಿಯನ್ನು ದೂಡಿದರೆ ಅದಕ್ಕಿದ್ದ ಒಂದೇ ಆಸರೆಯೂ ಹೋಗುತ್ತದೆ. ಮೂರನೆಯ ಪಟಾಕಿ. ಲಿವರ್ ಚೂರು. ಒಂದು ಗಳಿಗೆ ತುಟಿ ಬಿಗಿಯಾಗಿಯೇ ಇತ್ತು. ಆಮೇಲೆ ಬಾಯಿ ತೆರೆಯಿತು.

'ತಿಂದ್ಲು!' ಎಂದಳು ಹುಡುಗಿ, ಪಿಸುದನಿಯಲ್ಲೇ, ಆದರೆ ಕಣ್ಣು ಅರಳಿತ್ತು.

ಹೊರಗೆ ಟೈಗರ್ ಎಡೆಬಿಡದೆ ಬೊಗಳುತ್ತಿದೆ. ಸರಪಳಿ ಕಬ್ಬಿಣದ ಗೂಟಕ್ಕೆ ಬಡಿಯುತ್ತಿದೆ. ಅದರ ನಡುವೆ ಇನ್ನೊಂದು ಸದ್ದು, ಗೋಡೌನಿನ ಹಿಂದಿನಿಂದ: ಬೈನೆ ಮರ ಮುರಿಯುವ ಲಟಲಟ. ದೊಡ್ಡಪ್ಪ ಟಾರ್ಚು ತೆಗೆದುಕೊಂಡು ಬಾಗಿಲ ಚಿಲಕಕ್ಕೆ ಕೈ ಹಾಕಿದರು.

'ದೊಡ್ಡಪ್ಪ, ಹೋಗ್ಬೇಡಿ.'

'ಅದು ಹಿಂಗೇ ಬೊಗಳ್ತಾ ಇದ್ರೆ ಆನೆ ನೇರ ಇಲ್ಲಿಗೇ ಬರುತ್ತೆ. ತುಳಿದು ಹಾಕುತ್ತೆ ಅದನ್ನ.'

ಅವರ ದನಿ ಒಡೆದಿತ್ತು. ಆ ನಾಯಿಯ ಮೇಲೆ ಅವರಿಗಿದ್ದ ಪ್ರೀತಿ ನನಗೆ ಕಂಡದ್ದು ಆಗಲೇ. ಮುಂದಿನ ಹತ್ತು ನಿಮಿಷ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಮರ ಮುರಿಯುವ ಸದ್ದು ಕೆರೆಯ ಕಡೆ ಸರಿಯಿತು. ಕಾರ್ಯಪಡೆಯ ಜೀಪಿನ ಬೆಳಕು ಗುಡ್ಡದ ಮೇಲೆ ಆಡಿತು. ಆನೆಗಳು ಆಚೆ ತೋಟಕ್ಕೆ ದಾಟಿವೆ ಎಂದು ರೈಟ್ರಿಗೆ ಅವರಿಂದ ಫೋನು ಬಂದ ಮೇಲೆಯೇ, ಜೀಪು ಅಂಗಳಕ್ಕೆ ಬಂದು ನಿಂತು ಬೆಳಕು ಹಿಡಿದಾಗಲೇ ದೊಡ್ಡಪ್ಪ ಹೊರಗೆ ಹೋದದ್ದು. ಟೈಗರ್ ನೆಲಕ್ಕೆ ಅಂಟಿಕೊಂಡು ನಡುಗುತ್ತಿತ್ತು. ಗುರುಗುಟ್ಟುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಸರಪಳಿ ಬಿಚ್ಚಿದಾಗ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಬಚ್ಚಲೊಲೆಯ ಪಕ್ಕ, ಬೂದಿಯ ಬಿಸಿಗೆ ಮುದುರಿ ಮಲಗಿತು. ಆರು ವರ್ಷದಲ್ಲಿ ಅದು ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು.

ಬೆಳಿಗ್ಗೆ ದೊಡ್ಡಪ್ಪ ಕಾಫಿ ಲೋಟ ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದರು.

'ಇಷ್ಟು ವಯಸ್ಸಾದ್ ಮೇಲೆ ಕಲಿಯುತ್ತೇನಮ್ಮ ಇದು?'

'ಜೂಲಿಯಷ್ಟು ಬೇಗ ಅಲ್ಲ. ಮಕ್ಕಳ ಹತ್ರ, ಆಳುಗಳ ಹತ್ರ ಬಿಡೋ ಹಾಗೆ ಆಗದೇನೂ ಇರಬಹುದು. ಆದ್ರೆ ಈಗಿರೋದಕ್ಕಿಂತ ನೆಮ್ಮದಿಯಾಗಿ ಇರುತ್ತೆ' ಎಂದಳು ಹುಡುಗಿ. ಸುಳ್ಳು ಭರವಸೆ ಕೊಡಲಿಲ್ಲ. ಅದು ನನಗೆ ಹಿಡಿಸಿತು.

ಅವಳು ಹೇಳಿದ್ದು ಇಷ್ಟು: ಮೊದಲು ಡಾಕ್ಟರನ್ನು ಮನೆಗೇ ಕರೆಸಿ ರೇಬೀಸ್ ಲಸಿಕೆ. ಬಾಯಿಗೆ ಜಾಲರಿಯ ಕುಕ್ಕೆ ಹಾಕುವುದನ್ನು ತಿಂಡಿ ತೋರಿಸುತ್ತ ಕಲಿಸಬೇಕು. ಅದರ ಜಾಗ ಗೋಡೌನಿನ ಮೂಲೆಯಿಂದ ಹಿತ್ತಿಲಿಗೆ ಬರಬೇಕು, ಪಿಕಪ್ಪು ಕಾಣದ ಕಡೆಗೆ. ಸರಪಳಿಯ ಬದಲು ಬೇಲಿ ಹಾಕಿದ ಜಾಗ, ರಾತ್ರಿ ಗಟ್ಟಿ ಬಾಗಿಲಿನ ಗೂಡು. ಹೊಟ್ಟೆ ತುಂಬ ಊಟ. ಆಳುಗಳು ಹೊರಡುವ ಮುಂಚೆ ಮುಂಜಾನೆ ಉದ್ದ ಹಗ್ಗದಲ್ಲಿ ತೋಟದೊಳಗೆ ನಡಿಗೆ, ಅದೂ ಆನೆಯ ಸುದ್ದಿ ಕೇಳಿಕೊಂಡು. ಮೊದಲ ವಾರ ಅದರ ಹತ್ತಿರ ಹೋಗಿ ಕೂರುವುದಷ್ಟೇ ಕೆಲಸ. ಮುಟ್ಟುವುದಿಲ್ಲ, ಕರೆಯುವುದಿಲ್ಲ, ಕೋಲು ಹಿಡಿಯುವುದಿಲ್ಲ. ಪೇಪರ್ ಓದುತ್ತ ಕೂತು, ಆಗಾಗ ಒಂದು ಚೂರು ಅದರ ಕಡೆ ಎಸೆಯುವುದು.

ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು ಅಂಗಳಕ್ಕೆ ಬಂದರು. ಅರೇಹಳ್ಳಿಗೆ ಹೊರಟಿದ್ದ ರೈಟ್ರ ಬೈಕು ಗೇಟಿನ ಹತ್ತಿರ ಹೋಗಿಬಿಟ್ಟಿತ್ತು.

'ಏಯ್, ನಿಲ್ಲಪ್ಪಾ!' ಎಂದು ಕೂಗಿದರು. 'ಕೋಳಿ ಅಂಗಡೀಲಿ ಅರ್ಧ ಕೆ.ಜಿ. ಲಿವರ್ ತಗೊಂಡ್ ಬಾ. ಅಲ್ಲ, ಒಂದು ಕೆ.ಜಿ.ನೇ ತಗೊಂಡ್ ಬಾ.'